ನೀಲಿ ದಾರ, ಎರಡು ಟ್ಯಾಬ್ಲೆಟ್

ಬೆಳಗಿನ ಐದೂ ಮುಕ್ಕಾಲು. ಮುಲುಂಡ್ ಪಶ್ಚಿಮದಲ್ಲಿ ಏಳುತ್ತಿರುವ ಕಟ್ಟಡವೊಂದರ ಹದಿನಾಲ್ಕನೇ ಮಹಡಿ. ಗೋಡೆಯಿಲ್ಲ, ಕಿಟಕಿಯಿಲ್ಲ, ಬರೀ ಕಂಬಗಳು, ತೂಗುಬಿಟ್ಟ ಒಂದು ಬಲ್ಬು ಮತ್ತು ಗಾಳಿ. ಗುಡಿಸಿ ಹಸನು ಮಾಡಿದ ಕಾಂಕ್ರೀಟ್ ನೆಲದ ಒಂದು ಮೂಲೆಯಲ್ಲಿ ಗುರಲಿಂಗಪ್ಪ ಕುಕ್ಕರಗಾಲಿನಲ್ಲಿ ಕುಳಿತು ದಾರವೊಂದನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಿದ್ದಾರೆ. ಹದಿನಾರು ಅಡಿ ಆಚೆ, ಅದೇ ದಾರದ ಇನ್ನೊಂದು ತುದಿಯಲ್ಲಿ ಅವರ ಹೆಂಡತಿ ಸುಂದ್ರವ್ವ ಕುಳಿತಿದ್ದಾರೆ. ದಾರಕ್ಕೆ ನೀಲಿ ಪುಡಿ ಮೆತ್ತಿದೆ. ‘ಹೂಂ’ ಎನ್ನುತ್ತಾರೆ ಅವರು. ‘ಹೂಂ’ ಎನ್ನುತ್ತಾರೆ ಇವರು. ಗುರಲಿಂಗಪ್ಪ ಕೈ ಚಾಚಿ ದಾರವನ್ನು ಎರಡು ಬೆರಳಲ್ಲಿ ಎತ್ತಿ ಬಿಡುತ್ತಾರೆ. ಟಪ್ ಎಂದು ಸದ್ದಾಗಿ ನೆಲದ ಮೇಲೆ ತೆಳ್ಳನೆಯ ನೀಲಿ ಗೆರೆಯೊಂದು ಮೂಡುತ್ತದೆ. ಮುಂದಿನ ವರ್ಷ ಯಾರೋ ಟಿ.ವಿ. ತೂಗುಹಾಕಲಿರುವ ಗೋಡೆ ಅದು.

ಈ ಕೆಲಸಕ್ಕೆ ಸೈಟಿನಲ್ಲಿ ಮಾರ್ಕಿಂಗ್ ಎನ್ನುತ್ತಾರೆ. ನಕ್ಷೆ ನೋಡಿ, ಯಾವ ಗೋಡೆ ಎಲ್ಲಿ ಏಳಬೇಕು, ಬಾಗಿಲಿಗೆ ಎಷ್ಟು ಜಾಗ ಬಿಡಬೇಕು ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸುವುದು. ಗಾರೆಯವರು ಬಂದು ಆ ಗೆರೆಯ ಮೇಲೆ ಬ್ಲಾಕು ಜೋಡಿಸುತ್ತಾರೆ. ಗೆರೆ ಒಂದಿಂಚು ಅತ್ತಿತ್ತ ಆಯಿತೋ, ಗೋಡೆ, ಟೈಲ್ಸು, ಕಪಾಟು ಎಲ್ಲವೂ ಅದರ ಹಿಂದೆ ಅಡ್ಡದಾರಿ ಹಿಡಿಯುತ್ತವೆ. ಕೋಟಿಗಟ್ಟಲೆ ಕೊಟ್ಟು ಫ್ಲ್ಯಾಟ್ ಕೊಳ್ಳುವವರು ನಲ್ಲಿ ಯಾವ ಕಂಪನಿಯದು, ಲಿಫ್ಟ್ ಯಾವ ದೇಶದ್ದು ಎಂದೆಲ್ಲ ಕೇಳುತ್ತಾರೆ. ಗೆರೆ ಎಳೆದವರು ಯಾರು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ನಾನೂ ಕೇಳಿದವನಲ್ಲ.

ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದು ಟ್ಯಾಬ್ಲೆಟ್ಟಿನ ದೆಸೆಯಿಂದ. ಎರಡು ತಿಂಗಳಿಂದ ಒಂದು ಟ್ಯಾಬ್ಲೆಟ್ ಕೊಳ್ಳಬೇಕೆಂದು ತಲೆ ಕೆಡಿಸಿಕೊಂಡಿದ್ದೆ. ಗ್ರಾಂಟ್ ರೋಡಿನ ಅಂಗಡಿಗಳನ್ನು ಮೂರು ಸಲ ಸುತ್ತಿ, ಮೂರೂ ಸಲ ಅಲ್ಲಿನ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬರಿಗೈಯಲ್ಲಿ ಮನೆಯ ದಾರಿ ಹಿಡಿದವನು. ಒಂಬತ್ತು ಸಾವಿರದ್ದು ಸಾಕೇ, ತೊಂಬತ್ತು ಸಾವಿರದ್ದೇ ಬೇಕೇ? ಯಾರನ್ನು ಕೇಳಿದರೂ ಅವರವರು ಕೊಂಡದ್ದನ್ನೇ ಹೊಗಳುತ್ತಾರೆ. ಮುಲುಂಡಿನ ಕನ್ನಡ ಸಂಘದಲ್ಲಿ ಪರಿಚಯವಾದ ಸುಮಿತ್ರಾ ಅವರ ಮಗ ಚಿನ್ಮಯ್ ಈ ಸೈಟಿನ ಇಂಜಿನಿಯರ್. ಮೈಸೂರಿನ ಮನೆತನ, ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡದ ಒಂದೊಂದು ವಾಕ್ಯದಲ್ಲಿ ಎರಡೆರಡು ಸಲ ಹಿಂದಿಗೆ ಹೋಗಿ ಬರುವ ಹುಡುಗ. ಅವನನ್ನು ಕೇಳಿದ್ದಕ್ಕೆ, ನಮ್ಮ ಸೈಟಿನಲ್ಲಿ ಒಬ್ಬರು ಕಾಕಾ ಇದ್ದಾರೆ, ಒಂದೂವರೆ ತಿಂಗಳಿಂದ ಎರಡನ್ನೂ ಉಜ್ಜಿ ನೋಡುತ್ತಿದ್ದಾರೆ, ಅವರನ್ನೇ ಕೇಳಿ ಎಂದ. ತಮಾಷೆ ಎಂದುಕೊಂಡೆ. ಅಲ್ಲ.

ಸಾಮಾನು ಸಾಗಿಸುವ ಲಿಫ್ಟು ಶುರುವಾಗುವುದು ಎಂಟಕ್ಕೆ. ಹಾಗಾಗಿ ಬೆಳಗಿನ ಹೊತ್ತು ಹದಿನಾಲ್ಕು ಮಹಡಿಯನ್ನೂ ಹತ್ತಿಯೇ ಹೋಗಬೇಕು. ನಾನು ಒಂಬತ್ತನೆಯದರಲ್ಲಿ ಒಮ್ಮೆ, ಹನ್ನೆರಡನೆಯದರಲ್ಲಿ ಒಮ್ಮೆ ಕುಳಿತೆ. ಸುಂದ್ರವ್ವ ಎರಡೂ ಸಲ ನನ್ನ ಮರ್ಯಾದೆ ಉಳಿಸಲು ತಾವೂ ನಿಂತರು. ಅವರ ಬಲ ಮಂಡಿಗೆ ಪಟ್ಟಿ ಸುತ್ತಿದೆ. ನಮ್ಮದು ದಿನಾ ಇದ್ದದ್ದೇ, ನೀವು ಒಂದು ದಿನದ ಸಲುವಾಗಿ ಯಾಕೆ ಜೀವ ದಣಿಸುತ್ತೀರಿ ಎಂದು ಕಾಳಜಿಯಿಂದಲೇ ಬೈದರು.

ಗುರಲಿಂಗಪ್ಪನವರಿಗೆ ಐವತ್ತೆರಡು. ಸುಂದ್ರವ್ವನವರಿಗೆ ನಲವತ್ತಾರೋ ನಲವತ್ತೇಳೋ, ಆಧಾರ್ ಕಾರ್ಡು ಒಂದು ಹೇಳುತ್ತದೆ, ಅವರ ಅವ್ವ ಇನ್ನೊಂದು ಹೇಳುತ್ತಿದ್ದರು. ವಿಜಯಪುರ ಜಿಲ್ಲೆ ಇಂಡಿ ಕಡೆಯವರು. ಭಾಂಡುಪಿನ ಗುಡ್ಡದ ಮೇಲಿನ ಚಾಳಿನಲ್ಲಿ ಒಂದು ಖೋಲಿ. ಮಗಳು ನಮಿತಾ ಅಲ್ಲೇ ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗಂಡ ಹೆಂಡತಿ ನಾಲ್ಕಕ್ಕೆ ಎದ್ದು, ರೊಟ್ಟಿ ಕಟ್ಟಿಕೊಂಡು, ಬೆಳಗಿನ ಸ್ಲೋ ಲೋಕಲಿನಲ್ಲಿ ಎರಡು ಸ್ಟೇಷನ್ ದಾಟಿ ಮುಲುಂಡಿಗೆ ಬರುತ್ತಾರೆ. ಒಂದು ಮಹಡಿಯಲ್ಲಿ ಎಂಟು ಫ್ಲ್ಯಾಟು, ಒಂದು ಫ್ಲ್ಯಾಟಿಗೆ ಐವತ್ತರ ಆಸುಪಾಸು ಗೆರೆ. ಒಂದು ಬೆಳಗಿಗೆ ಎರಡು ಫ್ಲ್ಯಾಟು. ಅಂದರೆ ಉಳಿದವರು ಚಹಾ ಕುಡಿದು ಬರುವಷ್ಟರಲ್ಲಿ ಇವರು ನೂರು ಸಲ ಕುಳಿತು ನೂರು ಸಲ ಎದ್ದಿರುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಕಟ್ಟಡ ಆಯಿತು ಎಂದರೆ ಗುರಲಿಂಗಪ್ಪ ತಲೆ ಕೆರೆದುಕೊಳ್ಳುತ್ತಾರೆ. ಸುಂದ್ರವ್ವ ಒಂದೊಂದೇ ಹೆಸರು ಹೇಳುತ್ತಾ ಬೆರಳು ಮಡಚಿ ಮೂವತ್ತೊಂದು ಎನ್ನುತ್ತಾರೆ.

ಇಷ್ಟು ನಸುಕಿನಲ್ಲೇ ಯಾಕೆ? ಎಂಟರ ಮೇಲೆ ಈ ನೆಲದ ಮೇಲೆ ನಲವತ್ತು ಜನ ಓಡಾಡುತ್ತಾರೆ. ಬುಟ್ಟಿ, ಕೈಗಾಡಿ, ನೀರು. ಹಸಿ ಗೆರೆ ಕಾಲಿಗೆ ಅಂಟಿಕೊಂಡು ಹೋಗುತ್ತದೆ. ಅದಕ್ಕೇ ಜನ ಬರುವ ಮೊದಲೇ ಗೆರೆ ಮುಗಿಸಿ, ಎಂಟಕ್ಕೆ ಗಾರೆಯವರು ಬಂದ ಕೂಡಲೇ ಮೊದಲ ಸಾಲು ಬ್ಲಾಕು ಕೂರಿಸಿಬಿಡಬೇಕು. ಇದು ಯಾವ ರೂಲ್ ಬುಕ್ಕಿನಲ್ಲೂ ಇಲ್ಲ. ಇಂಜಿನಿಯರುಗಳು ಬರುವುದು ಒಂಬತ್ತೂವರೆಗೆ. ಅವರು ಬರುವಷ್ಟರಲ್ಲಿ ಗೆರೆ ಬ್ಲಾಕಿನಡಿ ಸೇರಿರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗುರಲಿಂಗಪ್ಪ ಮುಂಬೈಗೆ ಬಂದದ್ದು ಗಾರೆಯವನಾಗಿ. ಘಾಟ್ಕೋಪರಿನ ಒಂದು ಸೈಟಿನಲ್ಲಿ ಸೊಲ್ಲಾಪುರ ಕಡೆಯ ಶ್ರೀಮಂತ ಎಂಬ ಹಿರಿಯ ಮಿಸ್ತ್ರಿ ಇದ್ದರಂತೆ. ಹೆಸರಿನಲ್ಲಷ್ಟೇ ಶ್ರೀಮಂತ ಎಂದು ಗುರಲಿಂಗಪ್ಪ ನಗುತ್ತಾರೆ. ನಕ್ಷೆ ಓದುವುದನ್ನು ಕಲಿಸಿದ್ದು ಅವರು. ಮೂಲೆಯಿಂದ ಒಂದು ಬದಿಗೆ ಮೂರಡಿ, ಇನ್ನೊಂದು ಬದಿಗೆ ನಾಲ್ಕಡಿ ಅಳೆದು, ಅಡ್ಡಕ್ಕೆ ಸರಿಯಾಗಿ ಐದಡಿ ಬಂದರೆ ಮೂಲೆ ಸರಿ ಇದೆ ಎಂದರ್ಥ, ಇದನ್ನೂ ಕಲಿಸಿದ್ದು ಅವರೇ. ಒಂದು ದಿನ ದಾರ ಹಿಡಿಯುವವನು ಜ್ವರ ಬಂದು ಮಲಗಿದ. ಅದೇ ಸೈಟಿನಲ್ಲಿ ತಲೆ ಮೇಲೆ ಗಾರೆ ಬುಟ್ಟಿ ಹೊರುತ್ತಿದ್ದ ಸುಂದ್ರವ್ವನನ್ನು ಶ್ರೀಮಂತ ಮಿಸ್ತ್ರಿ ಕರೆದು, ಒಂದು ದಿನದ ಮಟ್ಟಿಗೆ ಆ ತುದಿ ಹಿಡಿ ಎಂದರು. ಆ ಒಂದು ದಿನ ಇನ್ನೂ ಮುಗಿದಿಲ್ಲ. ಅಂಕಿ ಓದಲು ಅವರು ಕಲಿತದ್ದು ಮಗಳ ಒಂದನೇ ಇಯತ್ತೆಯ ಪುಸ್ತಕದಲ್ಲಿ. ಮಸ್ಟರಿನಲ್ಲಿ, ಅಂದರೆ ಸೈಟಿನ ಹಾಜರಿ ಪುಸ್ತಕದಲ್ಲಿ, ಗುರಲಿಂಗಪ್ಪನವರ ಹೆಸರಿನ ಮುಂದೆ ಮಾರ್ಕಿಂಗ್ ಮಿಸ್ತ್ರಿ ಎಂದಿದೆ, ಸುಂದ್ರವ್ವನವರ ಮುಂದೆ ಹೆಲ್ಪರ್ ಎಂದಿದೆ. ನಾನೂ ಮೊದಲು ಬರೆಯಹೊರಟದ್ದು ಒಬ್ಬ ಮಿಸ್ತ್ರಿಯ ಬಗ್ಗೆಯೇ.

ಕಳೆದ ಮಳೆಗಾಲದವರೆಗೂ ನಕ್ಷೆ ಕಾಗದದ ಮೇಲೆ ಬರುತ್ತಿತ್ತು. ಮಡಚಿ ಬಗಲಲ್ಲಿಟ್ಟುಕೊಂಡರೆ ಮುಗಿಯಿತು. ಆದರೆ ನಕ್ಷೆಗಳು ವಾರಕ್ಕೆರಡು ಸಲ ಬದಲಾಗುತ್ತವೆ, ಸೈಟಿನಲ್ಲಿ ಹಳೆಯ ಕಾಗದ ಉಳಿದು ಹಳೆಯ ಗೋಡೆ ಏಳುತ್ತದೆ. ಅದಕ್ಕೆ ಫೋರ್ಟಿನ ಹೆಡ್ ಆಫೀಸು ಕಾಗದವನ್ನೇ ನಿಲ್ಲಿಸಿ, ಇನ್ನು ಮೇಲೆ ಎಲ್ಲವೂ ಟ್ಯಾಬಿನಲ್ಲಿ ಎಂದಿತು. ಯಾವ ಟ್ಯಾಬು ಎಂದು ತೀರ್ಮಾನವಾಗದೆ, ನೋಡಲಿಕ್ಕೆಂದು ಎರಡನ್ನು ಕಳಿಸಿತು. ಒಂದು ಬೆಳ್ಳಿ ಬಣ್ಣದ್ದು, ತೊಂಬತ್ತು ಸಾವಿರದ್ದು. ಇನ್ನೊಂದು ಕರಿ ಪ್ಲಾಸ್ಟಿಕ್ಕಿನದು, ಒಂಬತ್ತು ಸಾವಿರದ್ದು. ಗುರಲಿಂಗಪ್ಪ ಕಂಪನಿಯ ಹೆಸರು ಹೇಳುವ ಗೋಜಿಗೆ ಹೋಗುವುದಿಲ್ಲ. ಅವರಿಗೆ ಒಂದು ಬೆಳ್ಳಿದು, ಇನ್ನೊಂದು ಕರೇದು.

ಮೊದಲ ತೊಡಕು ಬೆರಳಿನಲ್ಲೇ ಬಂತು. ಮೂವತ್ತು ವರ್ಷ ಸಿಮೆಂಟು ತಿಂದ ಬೆರಳುಗಳು ಗುರಲಿಂಗಪ್ಪನವರದು. ತುದಿಯಲ್ಲಿ ಗೆರೆಯೇ ಇಲ್ಲ, ಅಂಟವಾಳದ ಬೀಜದಂತೆ ಗಟ್ಟಿ, ನುಣುಪು. ರೇಷನ್ ಅಂಗಡಿಯ ಮಷೀನೂ ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಟ್ಯಾಬಿನ ಮೇಲೆ ಎಷ್ಟು ತಿಕ್ಕಿದರೂ ನಕ್ಷೆ ಜಪ್ಪಯ್ಯ ಎನ್ನಲಿಲ್ಲ. “ನನ್ನ ಬಟ್ಟು ಎರಡಕ್ಕೂ ಗುರ್ತು ಹತ್ತಂಗಿಲ್ರಿ. ಅದರಾಗ ಮಾತ್ರ ತುಟ್ಟಿದೂ ಒಂದ, ಸಸ್ತಾದೂ ಒಂದ” ಎನ್ನುತ್ತಾರೆ. ಸುಂದ್ರವ್ವನ ಕೈಯಲ್ಲಿ ದಾರ, ಟೇಪು, ಪುಡಿ ಬಿಟ್ಟರೆ ಸಿಮೆಂಟು ಅಷ್ಟಾಗಿ ಆಡುವುದಿಲ್ಲ. ಅವರ ತೋರುಬೆರಳು ಸೋಕಿದ್ದೇ ತಡ, ನಕ್ಷೆ ಸರಸರ ಸರಿಯುತ್ತದೆ. ಹೀಗೆ ಟ್ಯಾಬು ಆಡಿಸುವ ಕೆಲಸವೂ ಅವರ ಪಾಲಿಗೆ ಬಂತು.

ಎರಡನೆಯದು ತೊಡಕಲ್ಲ, ತಪ್ಪು. ಗುರಲಿಂಗಪ್ಪ ಅದನ್ನು ಮುಚ್ಚಿಡುವುದಿಲ್ಲ, ಕೇಳದಿದ್ದರೂ ಹೇಳುತ್ತಾರೆ. ಕಾಗದದ ನಕ್ಷೆಯಲ್ಲಿ ಎಲ್ಲೋ ಒಂದು ಅಳತೆ ಬಿಟ್ಟುಹೋಗಿದ್ದರೆ ಹಳೆಯ ಮಿಸ್ತ್ರಿಗಳದ್ದು ಒಂದು ರೂಢಿಯಿದೆ. ಟೇಪನ್ನೇ ಕಾಗದದ ಮೇಲಿಟ್ಟು ಅಳೆಯುವುದು. ಕಾಗದದ ಮೇಲೆ ಒಂದು ಸೆಂಟಿಮೀಟರು ಅಂದರೆ ನೆಲದ ಮೇಲೆ ಒಂದು ಮೀಟರು. ಹನ್ನೊಂದನೇ ಮಹಡಿಯಲ್ಲಿ ಅಡಿಗೆಮನೆಯ ಪಕ್ಕದ ಓಣಿಗೆ ಅಳತೆ ಬರೆದಿರಲಿಲ್ಲ. ಆವತ್ತು ಕೈಯಲ್ಲಿದ್ದದ್ದು ಬೆಳ್ಳಿಯದು. ಅದರಲ್ಲಿ ನಕ್ಷೆ ಎಷ್ಟು ಸ್ಪಷ್ಟ, ಎಷ್ಟು ಬೆಳ್ಳಗೆ ಕಂಡಿತೆಂದರೆ, ಗುರಲಿಂಗಪ್ಪ ಅದನ್ನು ಕಾಗದ ಎಂದೇ ತಿಳಿದು ಸ್ಟೀಲ್ ಟೇಪನ್ನು ಪರದೆಯ ಮೇಲಿಟ್ಟರು. ಹದಿನಾಲ್ಕು ಮಿಲಿಮೀಟರು. ನೆಲದ ಮೇಲೆ ಒಂದು ಮೀಟರ್ ನಲವತ್ತಕ್ಕೆ ಗೆರೆ ಬಿತ್ತು. ಸ್ವಲ್ಪ ಹೊತ್ತಿನ ಮುಂಚೆ ಸುಂದ್ರವ್ವನ ಬೆರಳು ತಾಗಿ ನಕ್ಷೆ ತುಸು ದೊಡ್ಡದಾಗಿತ್ತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅಲ್ಲಿ ಬೇಕಾದದ್ದು ಒಂದು ಮೀಟರ್ ಇಪ್ಪತ್ತು. ಓಣಿಗೆ ಹೆಚ್ಚಾದಷ್ಟು ಅಡಿಗೆಮನೆಗೆ ಕಡಿಮೆಯಾಯಿತು.

ಗೋಡೆ ಸೊಂಟದ ಮಟ್ಟ ಎದ್ದಿತು. ತಪ್ಪನ್ನು ಹಿಡಿದದ್ದು ಯಾವ ಇಂಜಿನಿಯರೂ ಅಲ್ಲ. ಸುಂದ್ರವ್ವನಿಗೆ ಒಂದು ಅಭ್ಯಾಸ. ಗೋಡೆ ಏಳುತ್ತಿರುವ ಅಡಿಗೆಮನೆಗೆ ಹೋಗಿ, ಒಲೆ ಬರುವ ಕಡೆ ಮುಖ ಮಾಡಿ ನಿಂತು, ಪಾತ್ರೆ ಇಳಿಸುವವರ ಹಾಗೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುವುದು. ಆವತ್ತು ತಿರುಗಿದಾಗ ಮೊಣಕೈ ಗೋಡೆಗೆ ಬಡಿಯಿತು. ಇಲ್ಲಿ ಅಡಿಗೆ ಮಾಡುವಾಕೆ ತಿರುಗಲಾರಳು, ಎಂಟು ಇಂಚು ಎಲ್ಲೋ ಹೋಗಿದೆ ಎಂದರು. ಅಳೆದರೆ ಸರಿಯಾಗಿ ಎಂಟು ಇಂಚು. ಗಂಡ ಹೆಂಡತಿ ತಾವೇ ಹೋಗಿ ಚಿನ್ಮಯ್‌ಗೆ ಹೇಳಿದರು, ಗೋಡೆ ಒಡೆದರು, ಹೊಸ ಗೆರೆ ಹಾಕಿದರು. ಬೆಳ್ಳಿಯ ಟ್ಯಾಬಿನ ಗಾಜಿನ ಮೇಲೆ ಸ್ಟೀಲ್ ಟೇಪಿನ ಸಣ್ಣ ಗೀರೊಂದು ಇನ್ನೂ ಇದೆ. ಅದನ್ನು ತೋರಿಸುವಾಗ ಗುರಲಿಂಗಪ್ಪನವರ ಮುಖ ನೋಡಲಾಗುವುದಿಲ್ಲ, ಅಷ್ಟು ನಾಚಿಕೆ.

ಈ ಗೀರಿನ ಸುದ್ದಿ ಫೋರ್ಟಿಗೆ ಹೋಯಿತು. ಅಲ್ಲಿ ಕೆಲವರು ಹೇಳಿದ್ದಿಷ್ಟು: ಈ ಜನರ ಕೈಗೆ ಟ್ಯಾಬು ಕೊಡುವುದೇ ತಪ್ಪು. ಬೆಳ್ಳಿಯದನ್ನೇ ಕೊಳ್ಳೋಣ, ಕಟ್ಟಡಕ್ಕೆ ಒಂದೇ, ಅದು ಕೆಳಗಿನ ಕಂಟೇನರ್ ಆಫೀಸಿನಲ್ಲಿ ಇರಲಿ. ಸೂಪರ್‌ವೈಸರುಗಳು ಲೇಸರ್ ಹಿಡಿದು ತಾವೇ ಮಾರ್ಕಿಂಗ್ ಮಾಡಲಿ. ಹಾಗಾದರೆ ಗುರಲಿಂಗಪ್ಪ ಮತ್ತೆ ಬ್ಲಾಕು ಕಟ್ಟಲು ಹೋಗಬೇಕು. ಸುಂದ್ರವ್ವ ಮತ್ತೆ ಬುಟ್ಟಿ ಹೊರಬೇಕು, ಈ ಮಂಡಿಯಲ್ಲಿ. ಕರಿಯದನ್ನು ಕೊಂಡರೆ ಒಂದೊಂದು ಮಾರ್ಕಿಂಗ್ ಜೋಡಿಗೆ ಒಂದೊಂದು ಕೊಡಬಹುದು, ನಕ್ಷೆ ಅವರ ಕೈಯಲ್ಲೇ ಉಳಿಯುತ್ತದೆ. ಇದು ಚಿನ್ಮಯ್‌ನ ವಾದ. ತೀರ್ಮಾನ ಸೋಮವಾರ.

ನಾನು ಹೋದದ್ದು ಗುರುವಾರ. ಹಿಂದಿನ ದಿನವೇ ಹೆಡ್ ಆಫೀಸಿನಿಂದ ಖರೀದಿ ವಿಭಾಗದ ರಮಾನಾಥ ಬಂದು ಪರೀಕ್ಷೆ ಮುಗಿಸಿ ಹೋಗಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ, ಮೇಲಿನ ತೆರೆದ ಸ್ಲ್ಯಾಬಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು. ಬೆಳ್ಳಿಯದರಲ್ಲಿ ಒಂದೊಂದು ಅಂಕಿಯೂ ಕಂಡಿತು. ಕರಿಯದರಲ್ಲಿ ರಮಾನಾಥ ಅವರ ಮುಖ ಕಂಡಿತು. ಅದು ಬಿಸಿಲಲ್ಲಿ ಅಪ್ಪಟ ಕನ್ನಡಿ. ನಕ್ಷೆ ತೆರೆಯಲು ಅರ್ಧ ನಿಮಿಷ ಬೇರೆ. ಅವರು ವಹಿಯಲ್ಲಿ ‘ಉಪಯೋಗಕ್ಕಿಲ್ಲ’ ಎಂದು ಬರೆದುಕೊಂಡರು. ಗುರಲಿಂಗಪ್ಪನವರನ್ನೂ ಕೇಳಿದರು. ಗುರಲಿಂಗಪ್ಪ, ಬೆಳ್ಳಿಯದೇ ಚಲೋ ಇದೆ ಎಂದುಬಿಟ್ಟರು.

ಅಲ್ಲ ಮಾರಾಯರೇ, ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕಿಕೊಂಡಿರಲ್ಲ ಎಂದು ನನಗೆ ತಡೆಯದೆ ಹೇಳಿದೆ. ಅವರು ಟೇಪು ಸುತ್ತುತ್ತಾ, “ಕಂಡದ್ದ ಹೇಳಬೇಕಲ್ರಿ ಸರ. ಮೂರು ಎಂಟರಂಗ ಕಂಡ್ರ ಗ್ವಾಡಿ ಕೆಡತೈತಿ. ಒಮ್ಮೆ ಕೆಡಿಸೇನಿ, ಸಾಕು” ಎಂದರು. ಸುಂದ್ರವ್ವ ದಾರಕ್ಕೆ ಪುಡಿ ಹಚ್ಚುತ್ತಿದ್ದರು. ತಲೆ ಎತ್ತದೆ, ಗಂಡನಿಗೂ ನನಗೂ ಅಲ್ಲದ ಹಾಗೆ ಒಂದು ಮಾತು ಹೇಳಿದರು.

“ಇಪ್ಪತ್ತೆರಡು ವರ್ಷದಾಗ ನಾವು ಹನ್ನೆರಡಕ್ಕ ಗೆರಿ ಹೊಡದದ್ದು ಯಾವಾಗ?”

ಗುರಲಿಂಗಪ್ಪನ ಕೈ ಅಲ್ಲೇ ನಿಂತಿತು. ನನ್ನದೂ. ಕರಿಯ ಟ್ಯಾಬು ನಮ್ಮ ಮುಂದೆಯೇ ಒಂದು ಬ್ಲಾಕಿಗೆ ಒರಗಿತ್ತು. ಸಮಯ ಆರೂ ಇಪ್ಪತ್ತು. ಪೂರ್ವದಲ್ಲಿ ಬೆಳಕು ಹರಿದಿತ್ತು, ಸೂರ್ಯ ಇನ್ನೂ ಎದುರಿನ ಹೌಸಿಂಗ್ ಸೊಸೈಟಿಯ ಕಟ್ಟಡದ ಹಿಂದೆಯೇ ಇದ್ದ. ಪರದೆಯಲ್ಲಿ ಮೂರು ಮೂರಾಗಿಯೇ, ಎಂಟು ಎಂಟಾಗಿಯೇ ಕಾಣುತ್ತಿತ್ತು. ಗೆರೆ ಹಾಕುವ ಹೊತ್ತಿನಲ್ಲಿ ಬಿಸಿಲೇ ಇಲ್ಲದ ಮೇಲೆ ಬಿಸಿಲಿನ ಪರೀಕ್ಷೆ ಯಾಕೆ? ಕೆಲಸ ನಡೆಯುವ ಹೊತ್ತಿಗೆ ನೋಡಲು ಯಾರೂ ಬಂದಿರಲಿಲ್ಲ, ಅಷ್ಟೇ. ಈ ಮಾತನ್ನು ನಿನ್ನೆಯೇ ಸಾಹೇಬರಿಗೆ ಹೇಳಬಾರದಿತ್ತೇ ಎಂದೆ. ನನ್ನನ್ನು ಕೇಳಿದವರು ಯಾರು ಎಂದರು ಸುಂದ್ರವ್ವ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ.

ಒಂಬತ್ತೂವರೆಗೆ ಬಂದ ಚಿನ್ಮಯ್ ಇದನ್ನು ಕೇಳಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಎರಡು ವರ್ಷದಿಂದ ಈ ಸೈಟಿನಲ್ಲಿದ್ದೂ ಒಂದು ದಿನವೂ ಮಾರ್ಕಿಂಗ್ ನಡೆಯುವುದನ್ನು ನೋಡಿಲ್ಲ ಎಂದು ಅವನಿಗೆ ಆಗ ಅರಿವಾಯಿತು. ರಮಾನಾಥ ಅವರ ಮನೆ ಮುಲುಂಡ್ ಪೂರ್ವದಲ್ಲಿ. ದಿನಾ ನಸುಕಿನಲ್ಲಿ ಎದ್ದು ವಾಕಿಂಗ್ ಹೋಗುವವರು. ಶನಿವಾರ ಒಂದು ದಿನ ಈ ಕಡೆ ನಡೆದು ಬನ್ನಿ ಎಂದು ಚಿನ್ಮಯ್ ಫೋನಿನಲ್ಲಿ ಗೋಗರೆದ.

ಶನಿವಾರ ಐದೂವರೆಗೆ ರಮಾನಾಥ ಬಿಳಿ ವಾಕಿಂಗ್ ಶೂಸು, ಮಂಗನ ಟೋಪಿ ಹಾಕಿಕೊಂಡು ಗೇಟಿನಲ್ಲಿ ಹಾಜರು. ಮಂಗಳೂರು ಕಡೆಯವರು, ಮಾತು ನಯ. ಹದಿನಾಲ್ಕು ಮಹಡಿಯನ್ನು ನನಗಿಂತ ಚೆನ್ನಾಗಿಯೇ ಹತ್ತಿದರು. ಮೇಲೆ ನೋಡಿದರೆ ಮೂರು ಬಗೆಯ ಕನ್ನಡ ಒಂದೇ ಸ್ಲ್ಯಾಬಿನ ಮೇಲೆ: ಇಂಡಿಯದು, ಮಂಗಳೂರಿನದು, ಮುಂಬೈಯಲ್ಲೇ ಹುಟ್ಟಿದ ಚಿನ್ಮಯ್‌ನದು. ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗಲು ಒಂದು ಕ್ಷಣ ತಡವಾಗುತ್ತಿತ್ತು, ಕರಿಯ ಟ್ಯಾಬಿನ ಹಾಗೆ.

ಮೊದಲ ಫ್ಲ್ಯಾಟು ಬೆಳ್ಳಿಯದರಲ್ಲಿ. ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ನೋಡಲು ಹಬ್ಬ. ಆದರೆ ಅದನ್ನು ಎಲ್ಲಿಡುವುದು? ನೆಲದ ಮೇಲೆ ಇಡಲು ಗುರಲಿಂಗಪ್ಪನವರಿಗೆ ಮನಸ್ಸಿಲ್ಲ, ಒಂದು ಗೀರಿನ ನೋವೇ ಸಾಕಾಗಿದೆ. ಬ್ಲಾಕಿನ ಮೇಲೆ ಇಟ್ಟರೆ ಜಾರೀತು. ಸುಂದ್ರವ್ವ ಅದನ್ನು ಸೆರಗಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಎದೆಗವಚಿ ನಿಂತರು, ಎಳೆಗೂಸು ಎತ್ತಿಕೊಂಡವರ ಹಾಗೆ. ಗುರಲಿಂಗಪ್ಪ ಒಂದು ತುದಿಯಲ್ಲಿ ದಾರ ಒತ್ತಿ ಹಿಡಿದು ಕಾದರು. ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು.

ಒಂದೂವರೆ ತಿಂಗಳು ಬೆಳ್ಳಿಯದರ ಸರದಿ ಬಂದಾಗಲೆಲ್ಲ ಹೀಗೇ ಆಗುತ್ತಿತ್ತು, ಆವತ್ತೆಲ್ಲ ಗಾರೆಯವರಲ್ಲಿ ಯಾರನ್ನಾದರೂ ಬೇಗ ಕರೆಸಿಕೊಳ್ಳುತ್ತಿದ್ದೆವು ಎಂದರು ಗುರಲಿಂಗಪ್ಪ. ರಮಾನಾಥ ಅತ್ತಿತ್ತ ನೋಡಿದರು. “ಅದಕ್ಕೆಂತ ಮಾರಾಯ್ರೆ, ನಾನು ಹಿಡಿಯುತ್ತೇನೆ. ದಾರ ಹಿಡಿಯಲಿಕ್ಕೆ ಎಂತ ಉಂಟು?” ಎಂದು ಪ್ಯಾಂಟು ಮೇಲೆಳೆದು ಆ ತುದಿಯಲ್ಲಿ ಕುಳಿತರು.

ಎಂತ ಉಂಟು ಎಂದು ಮುಂದಿನ ಕಾಲು ಗಂಟೆಯಲ್ಲಿ ಗೊತ್ತಾಯಿತು. ಮೊದಲ ಸಲ ದಾರ ಸಡಿಲ ಬಿಟ್ಟರು, ಗೆರೆ ಹೊಟ್ಟೆ ಬಿಟ್ಟುಕೊಂಡು ಬಿತ್ತು. ಎರಡನೇ ಸಲ ಬಿಗಿಯಾಗಿ ಹಿಡಿದರು, ಟಪ್ ಎಂದಾಗ ಹೆಬ್ಬೆರಳು ಜಾರಿ ಒಂದು ಗೆರೆಯ ಜಾಗದಲ್ಲಿ ಎರಡು ಬಿದ್ದವು. ಮೂರನೇ ಸಲ ಎಲ್ಲ ಸರಿ, ಆದರೆ ಗುರುತಿನಿಂದ ಅರ್ಧ ಇಂಚು ಆಚೆ ಹಿಡಿದಿದ್ದರು. ಪ್ರತಿ ಸಲವೂ ಸುಂದ್ರವ್ವ ನಿಂತಲ್ಲಿಂದಲೇ, ಟ್ಯಾಬು ಅಪ್ಪಿಕೊಂಡು, ಮೆಲ್ಲಗೆ “ಇಲ್ರಿ” ಎನ್ನುತ್ತಿದ್ದರು. ಗುರಲಿಂಗಪ್ಪ ಒದ್ದೆ ಬಟ್ಟೆಯಲ್ಲಿ ಗೆರೆ ಒರೆಸುತ್ತಿದ್ದರು. ರಮಾನಾಥ ಅವರ ಬೆರಳು, ಮಂಡಿ, ಬಿಳಿ ಶೂಸು ಎಲ್ಲ ನೀಲಿ. ಅವರ ಕಾಲು ಜೋಮು ಹಿಡಿದು ಎಬ್ಬಿಸಲು ಚಿನ್ಮಯ್ ಕೈ ಕೊಡಬೇಕಾಯಿತು. ಇಪ್ಪತ್ತು ನಿಮಿಷಕ್ಕೆ ನಾಲ್ಕು ಗೆರೆ.

ಆಮೇಲೆ ಕರಿಯದು. ಸುಂದ್ರವ್ವ ಅದನ್ನು ಗೀರಿನ ಅಂಜಿಕೆಯಿಲ್ಲದೆ ಒಂದು ಬ್ಲಾಕಿಗೆ ಒರಗಿಸಿ ಬೆರಳಿಂದ ಒಮ್ಮೆ ಒತ್ತಿದರು. ಅದು ತೆರೆಯಲು ಅರ್ಧ ನಿಮಿಷ ತೆಗೆದುಕೊಂಡಿತು. ಆ ಅರ್ಧ ನಿಮಿಷದಲ್ಲಿ ಅವರು ದಾರಕ್ಕೆ ಪುಡಿ ಹಚ್ಚಿ ಮುಗಿಸಿದ್ದರು. ಆ ಪುಡಿ ಹೇಗಿದ್ದರೂ ಹಚ್ಚಲೇಬೇಕು. ನಕ್ಷೆ ನೋಡಿ ಅಂಕಿ ಕೂಗಿದರು, ಗುರಲಿಂಗಪ್ಪ ಟೇಪು ಹಿಡಿದು ಅದೇ ಅಂಕಿ ಮರಳಿ ಕೂಗಿದರು. ಈಗ ಅಳತೆ ಬರೆಯದ ಜಾಗ ಬಂದರೆ ಪರದೆಯ ಮೇಲೆ ಟೇಪು ಇಡುವುದಿಲ್ಲ. ಅಲ್ಲೊಂದು ಅಡ್ಡ ಗುರುತು ಹಾಕಿ ಬಿಟ್ಟು, ಇಂಜಿನಿಯರು ಬಂದ ಮೇಲೆ ಕೇಳುತ್ತಾರೆ. ‘ಹೂಂ’, ‘ಹೂಂ’, ಟಪ್. ಮತ್ತೆ ಏಳು, ಮತ್ತೆ ಕೂರು. ಏಳೂಕಾಲಕ್ಕೆ ಹಾಲ್, ಅಡಿಗೆಮನೆ, ಒಂದು ಬೆಡ್‌ರೂಮು ಮುಗಿದಿದ್ದವು. ಎದುರಿನ ಸೊಸೈಟಿಯ ಹಿಂದಿನಿಂದ ಬಿಸಿಲು ಬಂದು ಪರದೆ ಕನ್ನಡಿಯಾಗುವಷ್ಟರಲ್ಲಿ ಫ್ಲ್ಯಾಟೇ ಮುಗಿದಿತ್ತು.

ರಮಾನಾಥ ಒಂದು ಸಿಮೆಂಟ್ ಚೀಲದ ಮೇಲೆ ಕುಳಿತು ನೋಡುತ್ತಿದ್ದರು. ಕೊನೆಗೆ ಗುರಲಿಂಗಪ್ಪನವರನ್ನು ಮತ್ತೆ ಕೇಳಿದರು, ಯಾವುದು ಒಳ್ಳೆಯದು ಎಂದು.

“ಚಲೋದು ಬೆಳ್ಳಿದ ಐತ್ರಿ ಸಾಹೇಬ್ರ, ಆವತ್ತೂ ಅದನ್ನ ಹೇಳೇನಿ” ಎಂದರು ಗುರಲಿಂಗಪ್ಪ. “ಆದ್ರ ಅದನ್ನ ಹಿಡಕೊಂಡು ನಿಲ್ಲಾಕ ಒಬ್ರು ಬೇಕು. ಇದನ್ನ ಇಟ್ಟು ನಾವಿಬ್ರೂ ಕೆಲಸ ಮಾಡಬಹುದು. ನಮಗ ಬೇಕಾದ್ದು ಇದು.”

ನಾನು ಎರಡು ತಿಂಗಳಲ್ಲಿ ಓದಿದ ಹೋಲಿಕೆಗಳಲ್ಲಿ ಪರದೆ, ಕ್ಯಾಮೆರಾ, ಬ್ಯಾಟರಿ, ಬೆಲೆ ಎಲ್ಲ ಇತ್ತು. ಇದನ್ನು ಯಾರು ಹಿಡಿದುಕೊಳ್ಳುತ್ತಾರೆ, ಆಗ ಅವರ ಕೆಲಸ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಎಲ್ಲೂ ಇರಲಿಲ್ಲ. ಅಂದಹಾಗೆ, ನಾನು ಇನ್ನೂ ಯಾವುದನ್ನೂ ಕೊಂಡಿಲ್ಲ. ಹಳೆಯ ನೋಟ್ ಬುಕ್ಕಿನಲ್ಲೇ ಇದನ್ನು ಬರೆದುಕೊಂಡಿದ್ದು.

ಸೋಮವಾರ ಫೋರ್ಟಿನಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸಂಜೆ ಚಿನ್ಮಯ್ ಫೋನ್ ಮಾಡಿ, ಕರಿಯದೇ, ಜೋಡಿಗೊಂದು, ಒಟ್ಟು ಆರು ಎಂದ. ಬೆಳ್ಳಿಯದು ಕಂಟೇನರ್ ಆಫೀಸಿನಲ್ಲಿ ಇಂಜಿನಿಯರುಗಳಿಗೆ ಉಳಿಯುತ್ತದೆ. ಅವರಿಗೆ ಅದನ್ನು ಇಟ್ಟುಕೊಳ್ಳಲು ಟೇಬಲ್ ಇದೆ.

ಮಂಗಳವಾರ ಬೆಳಿಗ್ಗೆ ನಾನು ಮತ್ತೆ ಹದಿನಾಲ್ಕನೇ ಮಹಡಿಯಲ್ಲಿದ್ದೆ. ಈ ಸಲ ಹತ್ತುವಾಗ ಒಂದೇ ಕಡೆ ಕುಳಿತೆ. ಟ್ಯಾಬು ಒಪ್ಪಿಸಲು ರಮಾನಾಥ ತಾವೇ ಬಂದಿದ್ದರು, ಅದೇ ವಾಕಿಂಗ್ ಶೂಸಿನಲ್ಲಿ. ತೊಳೆದಿದ್ದರೂ ಹೊಲಿಗೆಯ ಸಂದಿನಲ್ಲಿ ನೀಲಿ ಉಳಿದಿತ್ತು. ಕೈಯಲ್ಲಿ ಒಂದು ಫಾರಂ. ಟ್ಯಾಬನ್ನು ಆಡಿಸುವವರ ಹೆಸರಿಗೇ ಕೊಡಬೇಕು, ಅವರದೇ ಸಹಿ ಬೇಕು, ಅದು ಕಂಪನಿಯ ನಿಯಮ. ಗುರಲಿಂಗಪ್ಪ ತಮ್ಮ ನುಣುಪು ಬೆರಳುಗಳನ್ನು ತೋರಿಸಿ, ಇದು ನನ್ನ ಮಾತು ಕೇಳುವುದಿಲ್ಲ, ಅಕಿಯ ಹೆಸರಿಗೆ ಬರೆಯಿರಿ ಎಂದರು. ರಮಾನಾಥ ಹೆಸರು ಬರೆದರು: ಸುಂದ್ರವ್ವ ಗುರಲಿಂಗಪ್ಪ. ಮುಂದಿನ ಖಾನೆ ಹುದ್ದೆಯದು. ಅವರು ಮಸ್ಟರು ನೋಡಿ, ಅಲ್ಲಿದ್ದದ್ದನ್ನೇ ಇಲ್ಲಿ ಬರೆಯಲು ಪೆನ್ನು ಊರಿದರು.

ಹೆಲ್ಪರ್ ಎಂಬ ಪದ ಅರ್ಧವಾಗಿತ್ತು. ಸುಂದ್ರವ್ವ ಆಗಲೇ ಕರಿಯದನ್ನು ಬ್ಲಾಕಿಗೆ ಒರಗಿಸಿ, ಹದಿನಾರು ಅಡಿ ಆಚೆ ಹೋಗಿ ದಾರ ಒತ್ತಿ ಕುಳಿತಿದ್ದರು. ಗುರಲಿಂಗಪ್ಪ ಈ ತುದಿಯಲ್ಲಿ ಕುಳಿತವರು ತಲೆ ಎತ್ತಿದರು. ಅವರು ಯಾರಿಗೂ ಎದುರು ಮಾತಾಡುವವರಲ್ಲ, ಧ್ವನಿಯೂ ಏರಲಿಲ್ಲ.

“ಅದನ್ನ ಬರೀಬ್ಯಾಡ್ರಿ ಸಾಹೇಬ್ರ. ನೀವೂ ಹಿಡದು ನೋಡೀರಿ. ಈ ತುದಿ ನಂದು, ಆ ತುದಿ ಅಕಿದು. ದಾರಕ್ಕ ಹೆಲ್ಪರ್ ತುದಿ ಅಂತ ಒಂದು ಇರಂಗಿಲ್ಲ.”

ರಮಾನಾಥ ತಮ್ಮ ಶೂಸಿನ ನೀಲಿ ಕಡೆ ಒಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಮಾರ್ಕಿಂಗ್ ಮಿಸ್ತ್ರಿ ಎಂದು ಬರೆದರು. ಆ ತುದಿಯಿಂದ ಸುಂದ್ರವ್ವ ‘ಹೂಂ’ ಎಂದರು. ಬಿಸಿಲು ಬರುವುದರೊಳಗೆ ಇನ್ನೂ ಒಂದೂವರೆ ಫ್ಲ್ಯಾಟು ಬಾಕಿಯಿತ್ತು.